ಕೆಂಪು ಚೆಂಡಿನ ಗೆರೆ

"ಗುರುಗಳೇ, ಎಲ್ಲವನ್ನೂ ಲೆಕ್ಕ ಹಾಕಿ, ಕೂದಲೆಳೆಯಷ್ಟೂ ತಪ್ಪದಂತೆ ಮಾಡಿದ ಕೆಲಸ ನಡುದಾರಿಯಲ್ಲಿ ಯಾಕೆ ಕೆಡುತ್ತದೆ?" ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಆ ಮಠದಲ್ಲಿ ಹನ್ನೊಂದು ವರ್ಷದಿಂದ ಇದ್ದ ಶಿಷ್ಯ. ಸೋಮಾರಿಯಲ್ಲ. ಕೈ ಹಾಕಿದ್ದನ್ನು ಅರ್ಧಕ್ಕೆ ಬಿಡುವವನೂ ಅಲ್ಲ. ಆದ್ದರಿಂದ ಅವನು ಈ ಪ್ರಶ್ನೆಯನ್ನು ವಾದಕ್ಕಾಗಿ ಕೇಳಲಿಲ್ಲ, ನೊಂದು ಕೇಳಿದ.

"ತಪ್ಪು ನನ್ನದಾಗಿದ್ದರೆ ತಿದ್ದಿಕೊಳ್ಳುತ್ತಿದ್ದೆ. ಆದರೆ ಪ್ರತಿ ಸಲವೂ ಯಾರೋ ಒಬ್ಬರು ಎಲ್ಲಿಂದಲೋ ಬಂದು ಅಡ್ಡ ನಿಲ್ಲುತ್ತಾರೆ. ಇದಕ್ಕೆ ವಿಧಿ ಎನ್ನಬೇಕೋ, ಬೇರೆ ಹೆಸರಿದೆಯೋ?"

ಗುರುಗಳು ಅವನಿಗೆ ಕೂರುವಂತೆ ಹೇಳಿದರು. ದೀಕ್ಷೆ ಪಡೆಯುವ ಮೊದಲು ಅವರು ಕಡಲತೀರದ ಒಂದು ಪಟ್ಟಣದಲ್ಲಿ, ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆ ದಿನಗಳ ವಿಷಯ ಅವರು ಎತ್ತುವುದು ಅಪರೂಪ. ಅಂದು ಎತ್ತಿದರು. ಅವರು ಹೇಳಿದ ಕತೆ ಇದು.

ಆ ಪಟ್ಟಣದಲ್ಲಿ ಒಂದು ಆಟದ ಮನೆ ಇತ್ತು. ಹಿಂದೆ ಯಾವುದೋ ಹಡಗು ಕಂಪನಿಯವರು ಊರು ಬಿಡುವಾಗ ನಾಲ್ಕು ದೊಡ್ಡ ಬಿಲಿಯರ್ಡ್ಸ್ ಮೇಜುಗಳನ್ನು ಅಲ್ಲಿ ಬಿಟ್ಟು ಹೋಗಿದ್ದರು. ಸಾಮಾನ್ಯವಾಗಿ ಜನ ನೋಡಿರುವ ಮೇಜಿಗೆ ಮೂಲೆಗಳಲ್ಲಿ ಕುಳಿಗಳಿರುತ್ತವೆ, ಚೆಂಡನ್ನು ಅದರೊಳಗೆ ಬೀಳಿಸಬೇಕು. ಈ ಮೇಜುಗಳಿಗೆ ಕುಳಿಯೇ ಇರಲಿಲ್ಲ. ಇಲ್ಲಿ ಯಾವ ಚೆಂಡೂ ಎಲ್ಲಿಗೂ ಬೀಳುವುದಿಲ್ಲ.

ಆಟದ ನಿಯಮ ಹೇಳದಿದ್ದರೆ ಕತೆ ತಿಳಿಯುವುದಿಲ್ಲ. ಮೇಜಿನ ಮೇಲೆ ಮೂರೇ ಚೆಂಡು. ಬಿಳಿ ಒಬ್ಬ ಆಟಗಾರನದು, ಹಳದಿ ಇನ್ನೊಬ್ಬನದು, ಕೆಂಪು ಯಾರದೂ ಅಲ್ಲ. ಆಟಗಾರ ತನ್ನ ಚೆಂಡನ್ನು ಕೋಲಿನಿಂದ ಹೊಡೆಯಬೇಕು. ಅದು ಉಳಿದ ಎರಡನ್ನೂ ಮುಟ್ಟಬೇಕು. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಆಡಬಹುದಿತ್ತು. ಆದರೆ ಎರಡನೆಯ ಚೆಂಡನ್ನು ಮುಟ್ಟುವ ಮೊದಲು ಅದು ಮೇಜಿನ ಸುತ್ತಲಿನ ರಬ್ಬರ್ ಅಂಚಿಗೆ ಕಡಿಮೆಯೆಂದರೂ ಮೂರು ಸಲ ಬಡಿದಿರಬೇಕು. ಹಾಗೆ ಮಾಡಿದರೆ ಒಂದು ಅಂಕ. ಅಂಕ ಬಂದರೆ ಮತ್ತೆ ಅವನೇ ಆಡುತ್ತಾನೆ. ತಪ್ಪಿದರೆ ಸರದಿ ಎದುರಾಳಿಗೆ. ನಲವತ್ತು ಅಂಕ ಮುಟ್ಟಿದವನು ಗೆದ್ದ.

ಆ ಊರಿನಲ್ಲಿ ಈ ಆಟವನ್ನು ಲೋಕಯ್ಯನಷ್ಟು ಚೆನ್ನಾಗಿ ಆಡುವವರು ಇರಲಿಲ್ಲ. ಅವನು ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಕೆಲಸಗಾರ. ಗಡ್ಡೆ ಒಡೆದು ಮೀನಿನ ದೋಣಿಗಳಿಗೆ ತುಂಬಿಸುವುದು ಅವನ ಕೆಲಸ. ಮಧ್ಯಾಹ್ನ ಊಟ ಮುಗಿಸಿ ಆಟದ ಮನೆಗೆ ಬರುತ್ತಿದ್ದ. ಬಂದವನು ಒಂದು ಲೋಟ ಬಿಸಿ ಚಹಾ ತರಿಸುತ್ತಿದ್ದ. ಕುಡಿಯುವುದಕ್ಕಲ್ಲ. ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕೂರುತ್ತಿದ್ದ. ಬೆರಳಿನ ಚಳಿ ಬಿಡುವವರೆಗೆ ಅವನು ಕೋಲು ಮುಟ್ಟುತ್ತಿರಲಿಲ್ಲ.

ಅವನ ಬಲವೆಲ್ಲ ಲೆಕ್ಕದಲ್ಲಿತ್ತು. ಆ ಮೇಜಿನ ಮರದ ಚೌಕಟ್ಟಿನಲ್ಲಿ ಸಮದೂರಕ್ಕೆ ಬಿಳಿ ಚುಕ್ಕೆಗಳನ್ನು ಕೂರಿಸಿರುತ್ತಾರೆ. ಚೆಂಡು ಇಂಥ ಚುಕ್ಕೆಯ ಕಡೆಯಿಂದ ಹೊರಟು, ಎದುರಿನ ಇಂಥ ಚುಕ್ಕೆಗೆ ಬಡಿದರೆ, ಮೂರನೆಯ ಅಂಚಿನಲ್ಲಿ ಎಲ್ಲಿಗೆ ಬರುತ್ತದೆ ಎಂದು ಕೂಡಿ ಕಳೆದು ಹೇಳಬಹುದು. ಲೋಕಯ್ಯನ ಬಳಿ ಮೂರು ನೋಟ್‌ಬುಕ್ಕುಗಳಿದ್ದವು. ಪ್ರತಿ ಪುಟದಲ್ಲೂ ಮೇಜಿನ ಚಿತ್ರ, ಮೂರು ಚೆಂಡು, ತನ್ನ ಚೆಂಡು ಹೋಗಬೇಕಾದ ದಾರಿ. ಇಪ್ಪತ್ತು ವರ್ಷದಲ್ಲಿ ಅಂಥ ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದಿದ್ದ. ಬೇರೆ ಊರಿನ ಆಟಗಾರರೂ ಅವುಗಳನ್ನು ನೋಡಲು ಬರುತ್ತಿದ್ದರು.

ಹೀಗಿದ್ದವನು ದೇಶದ ಪಟ್ಟದ ಆಟದಲ್ಲಿ ಎರಡು ವರ್ಷ ಸತತವಾಗಿ ಸೋತ. ಎರಡೂ ಸಲ ಅಂತಿಮ ಆಟದವರೆಗೆ ಹೋದ. ಎರಡೂ ಸಲ ಎದುರಾಳಿ ಪಾಸ್ಕಲ್ ಎಂಬ ಹಳೆಯ ಹುಲಿ. ಮೊದಲ ವರ್ಷ ಮೂರು ಅಂಕದಿಂದ ಸೋತ, ಎರಡನೆಯ ವರ್ಷ ಒಂದೇ ಅಂಕದಿಂದ. ಸೋತ ಬಗೆಯೂ ಒಂದೇ. ಅವನ ಚೆಂಡು ಕೆಂಪನ್ನು ತಾಗಿತು, ಲೆಕ್ಕದಂತೆ ಮೂರು ಅಂಚಿಗೆ ಬಡಿಯಿತು, ಎದುರಾಳಿಯ ಚೆಂಡಿನ ಕಡೆಗೆ ನೇರವಾಗಿ ಹೊರಟಿತು. ಇನ್ನು ಒಂದು ಮೊಳ ಹೋದರೆ ಅಂಕ. ಅಷ್ಟರಲ್ಲಿ ಕೆಂಪು ಎಲ್ಲಿಂದಲೋ ಉರುಳಿ ಬಂದು ಅದಕ್ಕೆ ಢಿಕ್ಕಿ ಹೊಡೆಯಿತು. ಚೆಂಡು ದಾರಿ ಬಿಟ್ಟು ಎತ್ತಲೋ ಹೋಯಿತು. ಇಂಥ ಢಿಕ್ಕಿಗೆ ಆಟಗಾರರು ಮುತ್ತು, ಅಂದರೆ ಚುಂಬನ, ಎನ್ನುತ್ತಾರೆ. ತಿಂದವನಿಗೆ ಮಾತ್ರ ಅದು ಮುತ್ತಿನಂತೆ ಕಾಣುವುದಿಲ್ಲ.

ಎರಡನೆಯ ಸೋಲಿನ ನಂತರ ಆಟದ ಮನೆಯ ಅಧ್ಯಕ್ಷರು ಅವನನ್ನು ಕರೆಸಿದರು.

"ನೋಡು ಲೋಕಯ್ಯ, ಒಂದು ಊರಿನಿಂದ ಒಬ್ಬನನ್ನೇ ಕಳಿಸುವ ಕ್ರಮ. ನಿನ್ನನ್ನು ಎರಡು ಸಲ ಕಳಿಸಿದ್ದೇವೆ. ಮೂರನೆಯ ಸಲವೂ ಕಳಿಸುತ್ತೇವೆ. ಆಗಲೂ ಪಟ್ಟ ಬರದಿದ್ದರೆ ಜಾಗ ಬೇರೆಯವರಿಗೆ ಬಿಡಬೇಕಾಗ್ತದೆ. ಬೇಜಾರು ಮಾಡಿಕೊಳ್ಳಬೇಡ."

ಪಟ್ಟ ಗೆದ್ದವನಿಗೆ ಲೋಕದ ದೊಡ್ಡ ಆಟಗಾರರ ಜೊತೆ ಆಡುವ ಅವಕಾಶವಿತ್ತು. ಲೋಕಯ್ಯ ಇಪ್ಪತ್ತು ವರ್ಷದಿಂದ ಬಯಸಿದ್ದು ಅದೊಂದನ್ನೇ. ಈಗ ಅದಕ್ಕೆ ಉಳಿದದ್ದು ಒಂದೇ ವರ್ಷ, ಒಂದೇ ಆಟ.

ಅವನು ಮೂರು ದಿನ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತ. ಕೊನೆಯ ಹೊಡೆತವನ್ನು ಮತ್ತೆ ಮತ್ತೆ ಕೂಡಿ ಕಳೆದು ನೋಡಿದ. ತಪ್ಪು ಸಿಗಲಿಲ್ಲ.

ಆಟದ ಮನೆಯಲ್ಲಿ ಗುಲಾಬಿ ಎಂಬ ಹೆಂಗಸು ಕೆಲಸಕ್ಕಿದ್ದರು. ವಯಸ್ಸು ಐವತ್ತೈದು ದಾಟಿತ್ತು. ಮೇಜಿನ ಹಾಸುಬಟ್ಟೆಯನ್ನು ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜುವುದು, ಚೆಂಡುಗಳನ್ನು ಒರೆಸುವುದು, ಆಟ ನಡೆಯುವಾಗ ಅಂಕದ ಹಲಗೆಯನ್ನು ತಿರುಗಿಸುವುದು ಅವರ ಕೆಲಸ. ಒಂದು ದಿನವೂ ಕೋಲು ಹಿಡಿದವರಲ್ಲ. ಆದರೆ ಲೋಕಯ್ಯ ಆಡಿದಷ್ಟು ವರ್ಷವೂ ಅವರು ನೋಡಿದ್ದರು.

"ಎಂತ ಲೋಕಯ್ಯ, ಚಹಾ ಆರಿಹೋಯ್ತಲ್ಲ" ಎಂದರು ಗುಲಾಬಿ.

"ಆರಲಿ ಗುಲಾಬಕ್ಕ. ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕ್ತಾ ಇದ್ದೇನೆ. ಸಿಗುವುದಿಲ್ಲ."

"ತಪ್ಪಿದ್ದರೆ ಅಲ್ವಾ ಸಿಗುವುದು."

"ಹಾಗಾದರೆ ನನ್ನ ಗ್ರಹಚಾರವೇ ಸರಿ ಇಲ್ಲ. ಆ ಕೆಂಪು ಎಲ್ಲಿಂದ ಬಂತು ಮಾರಾಯ್ರೇ? ಎರಡು ವರ್ಷವೂ ನನಗೇ ಬರಬೇಕಾ?"

ಗುಲಾಬಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ನೋಟ್‌ಬುಕ್ ಎತ್ತಿದರು. ಒಂದೊಂದೇ ಪುಟ ತಿರುವಿದರು. ಹತ್ತು ಪುಟ ನೋಡಿದರು, ಇಪ್ಪತ್ತು ನೋಡಿದರು. ಆಮೇಲೆ ಒಂದು ಚಿತ್ರದ ಮೇಲೆ ಬೆರಳಿಟ್ಟರು.

"ಲೋಕಯ್ಯ, ಇಲ್ಲಿ ನಿನ್ನ ಚೆಂಡಿಗೆ ಗೆರೆ ಉಂಟು. ಕೆಂಪಿನ ಗೆರೆ ಎಲ್ಲಿ?"

"ಕೆಂಪಿಗೆ ಎಂತ ಗೆರೆ? ಅದು ಅಲ್ಲಿಯೇ ಉಂಟಲ್ಲ."

"ನೀನು ಹೊಡೆದ ಮೇಲೆಯೂ ಅಲ್ಲಿಯೇ ಇರ್ತದಾ?"

ಲೋಕಯ್ಯ ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡ. ಮೊದಲ ಪುಟ ನೋಡಿದ, ನಡುವಿನ ಪುಟ ನೋಡಿದ, ಕೊನೆಯದನ್ನು ನೋಡಿದ. ಉಳಿದ ಎರಡು ನೋಟ್‌ಬುಕ್ಕುಗಳನ್ನೂ ನೋಡಿದ. ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವನ ಚೆಂಡಿನ ದಾರಿ ಇತ್ತು, ಅದು ಬಡಿಯುವ ಚುಕ್ಕೆ ಇತ್ತು, ಅದರ ವೇಗ ಇತ್ತು. ಕೆಂಪು ಚೆಂಡು ಎಲ್ಲ ಚಿತ್ರದಲ್ಲೂ ಒಂದು ಸೊನ್ನೆ ಮಾತ್ರ. ಅದರಿಂದ ಒಂದು ಗೆರೆಯೂ ಹೊರಟಿರಲಿಲ್ಲ. ತನ್ನ ಚೆಂಡು ತಾಗಿದ ಕೆಂಪು ಹೊಡೆತ ತಿಂದು ಎಲ್ಲಿಗಾದರೂ ಹೋಗುತ್ತದೆ ಎಂಬುದನ್ನು ಅವನು ಇಪ್ಪತ್ತು ವರ್ಷ ಬರೆದಿರಲಿಲ್ಲ.

"ಕೆಂಪು ಎಲ್ಲಿಂದ ಬಂತು ಅಂತ ಕೇಳಿದೆಯಲ್ಲ" ಎಂದರು ಗುಲಾಬಿ. "ನೀನು ಕಳಿಸಿದಲ್ಲಿಂದ ಬಂತು."

"ಇಷ್ಟು ವರ್ಷ ನೀವು ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ಯಾವಾಗ? ಕೋಲಿಗೆ ಚಾಕ್ ಉಂಟಾ, ಬಟ್ಟೆಗೆ ತೇವ ಹಿಡಿದಿದೆಯಾ, ಇಷ್ಟೇ ಅಲ್ವಾ ನೀನು ಕೇಳುವುದು? ಅದಕ್ಕೆಲ್ಲ ಉತ್ತರ ಕೊಟ್ಟಿದ್ದೇನಲ್ಲ."

ಈ ಮಾತಿಗೆ ಲೋಕಯ್ಯ ನಾಚಿಕೊಂಡ. ಆದರೆ ಸಿಟ್ಟಾಗಲಿಲ್ಲ. ಸಿಟ್ಟಾಗದೆ ಇದ್ದದ್ದೇ ಅವನ ಮೊದಲ ಗೆಲುವು ಎಂದು ಹೇಳಬಹುದು. ಅವನು ಕೇಳಿದ: "ಈಗ ಎಂತ ಮಾಡಬೇಕು?"

ಗುಲಾಬಿಗೆ ಆಟ ಕಲಿಸಲು ಬರುತ್ತಿರಲಿಲ್ಲ. ಅವರಿಗೆ ತೋಚಿದ್ದನ್ನು ಹೇಳಿದರು. ಅವರ ಸೊಂಟದ ಚೀಲದಲ್ಲಿ ಯಾವಾಗಲೂ ಹುರಿದ ನೆಲಗಡಲೆ ಇರುತ್ತಿತ್ತು. ಒಂದು ಹಿಡಿ ತೆಗೆದು ಮೇಜಿನ ಚೌಕಟ್ಟಿನ ಮೇಲಿಟ್ಟರು.

"ಹೊಡೆಯುವ ಮೊದಲು, ಕೆಂಪು ಎಲ್ಲಿಗೆ ಹೋಗಿ ನಿಲ್ತದೆ ಅಂತ ನಿನಗೆ ಕಾಣ್ತದೋ ಅದರ ನೇರಕ್ಕೆ ಒಂದು ಕಡಲೆ ಇಡು. ಕೆಂಪು ಒಂದು ಗೇಣಿನೊಳಗೆ ನಿಂತರೆ ಕಡಲೆ ನಿನಗೆ. ಇಲ್ಲದಿದ್ದರೆ ನನಗೆ. ನಿನ್ನ ಚೆಂಡನ್ನು ನಾನು ನೋಡಿಕೊಳ್ತೇನೆ. ನೀನು ಅದರ ಕಡೆ ತಿರುಗಿಯೂ ನೋಡಬಾರದು."

ಕೇಳಲು ಸುಲಭವಾದ ಮಾತು. ಲೋಕಯ್ಯ ಅಂದು ಅರವತ್ತು ಸಲ ಹೊಡೆದ. ಐವತ್ತೇಳು ಕಡಲೆ ಗುಲಾಬಿಯ ಪಾಲಾಯಿತು. ಕಡಲೆ ಮೇಜಿನ ಈ ತುದಿಯಲ್ಲಿದ್ದರೆ ಕೆಂಪು ಆ ತುದಿಯಲ್ಲಿ ನಿಂತಿರುತ್ತಿತ್ತು. ಅಷ್ಟೇ ಅಲ್ಲ, ಕೋಲು ಚೆಂಡಿಗೆ ತಾಗಿದ ಕೂಡಲೇ ಅವನ ಕಣ್ಣು ತನ್ನ ಚೆಂಡಿನ ಹಿಂದೆಯೇ ಓಡುತ್ತಿತ್ತು. ಎಷ್ಟು ಹಿಡಿದರೂ ನಿಲ್ಲುತ್ತಿರಲಿಲ್ಲ. ನಮ್ಮದು ಎಂದುಕೊಂಡದ್ದರ ಹಿಂದೆ ಕಣ್ಣು ಹೋಗುವುದು ಸಹಜ, ಅದನ್ನು ತಡೆಯುವುದು ಮಂಜುಗಡ್ಡೆ ಒಡೆಯುವುದಕ್ಕಿಂತ ಕಷ್ಟ ಎಂದು ಅವನಿಗೆ ಅಂದು ತಿಳಿಯಿತು.

"ನಾಳೆಯೂ ಬಾ" ಎಂದರು ಗುಲಾಬಿ, ಸಿಪ್ಪೆ ಊದುತ್ತ. "ಹೀಗೆಯೇ ಆಡಿದರೆ ನನಗೆ ಮಧ್ಯಾಹ್ನದ ಊಟ ಬೇಡ."

ಅವನು ಮರುದಿನವೂ ಬಂದ. ಎಂಟು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಇಲ್ಲಿ ಹೊಡೆತದ ಬಗೆಯನ್ನು ಸ್ವಲ್ಪ ಹೇಳಬೇಕು. ಆಟಗಾರನ ಚೆಂಡು ಕೆಂಪನ್ನು ತುಂಬಿಕೊಂಡು ತಾಗಿದರೆ, ಅಂದರೆ ಎದೆಗೆ ಎದೆ ಕೊಟ್ಟಂತೆ ತಾಗಿದರೆ, ಕೆಂಪು ಜೋರಾಗಿ ಓಡುತ್ತದೆ, ಅವನ ಚೆಂಡು ನಿಧಾನವಾಗುತ್ತದೆ. ತೋಳಿಗೆ ತೋಳು ಸವರಿದಂತೆ ತೆಳ್ಳಗೆ ತಾಗಿದರೆ ಕೆಂಪು ಸ್ವಲ್ಪವೇ ಹೊರಳುತ್ತದೆ, ಅವನ ಚೆಂಡು ಓಡುತ್ತದೆ. ಇದು ಲೋಕಯ್ಯನಿಗೆ ಗೊತ್ತಿರಲಿಲ್ಲ ಎಂದಲ್ಲ. ಇಪ್ಪತ್ತು ವರ್ಷ ಆಡಿದವನಿಗೆ ಗೊತ್ತಿರದೆ ಇರುತ್ತದೆಯೇ? ಆದರೆ ಅವನು ಅದನ್ನು ತನ್ನ ಚೆಂಡಿನ ಸಲುವಾಗಿ ಮಾತ್ರ ತಿಳಿದಿದ್ದ. ಈಗ ಅದೇ ವಿಷಯವನ್ನು ಕೆಂಪಿನ ಕಡೆಯಿಂದ ಕಲಿಯತೊಡಗಿದ.

ಎರಡನೆಯ ತಿಂಗಳಲ್ಲಿ ಅರ್ಧದಷ್ಟು ಕಡಲೆ ಅವನದಾಯಿತು. ನಾಲ್ಕನೆಯ ತಿಂಗಳಲ್ಲಿ ಗುಲಾಬಿ ಮನೆಯಿಂದ ಊಟದ ಡಬ್ಬಿ ತರತೊಡಗಿದರು. ಆ ದಿನಗಳಲ್ಲೇ ಅವನು ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು, ಕೆಂಪು ಪೆನ್ಸಿಲಿನಿಂದ ಪ್ರತಿ ಚಿತ್ರದಲ್ಲೂ ಎರಡನೆಯ ಗೆರೆ ಎಳೆದ. ಹತ್ತರಲ್ಲಿ ನಾಲ್ಕು ಚಿತ್ರಗಳಲ್ಲಿ ಎರಡು ಗೆರೆಗಳೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುತ್ತಿದ್ದವು. ಊರೂರಿನವರು ಬಂದು ನಕಲು ಮಾಡಿಕೊಂಡು ಹೋದ ಚಿತ್ರಗಳು ಅವು. ಲೋಕಯ್ಯ ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಇನ್ನೂ ಒಂದು ಲಾಭವಾಯಿತು, ಅದನ್ನು ಅವನು ನಿರೀಕ್ಷಿಸಿರಲಿಲ್ಲ. ಕೆಂಪನ್ನು ನೋಡಿ ಕಳಿಸಿದರೆ ಅದು ಅಡ್ಡ ಬರುವುದು ನಿಲ್ಲುತ್ತದೆ ಎಂದಷ್ಟೇ ಅವನು ತಿಳಿದಿದ್ದ. ಆದರೆ ಒಳ್ಳೆಯ ಜಾಗಕ್ಕೆ ಕಳಿಸಿದ ಕೆಂಪು ಅಲ್ಲಿಯೇ ನಿಂತು ಮುಂದಿನ ಅಂಕವನ್ನೂ ಕೈಗೆ ಕೊಡುತ್ತಿತ್ತು. ಮೊದಲು ಒಂದು ಸರದಿಗೆ ಒಂದು ಅಥವಾ ಎರಡು ಅಂಕ ಮಾಡುತ್ತಿದ್ದವನು ಈಗ ಐದು, ಆರು ಮಾಡತೊಡಗಿದ.

ಆ ವರ್ಷ ಪಟ್ಟದ ಆಟ ಅದೇ ಪಟ್ಟಣದಲ್ಲಿ, ಅದೇ ಆಟದ ಮನೆಯಲ್ಲಿ ನಡೆಯಿತು. ಲೋಕಯ್ಯ ಮೂರನೆಯ ಸಲ ಅಂತಿಮ ಆಟಕ್ಕೆ ಬಂದ. ಎದುರಾಳಿ ಮತ್ತೆ ಪಾಸ್ಕಲ್. ತೀರ್ಪುಗಾರರು ಬೇರೆ ಊರಿನವರು. ಗುಲಾಬಿ ಎಂದಿನಂತೆ ಅಂಕದ ಹಲಗೆಯ ಪಕ್ಕದಲ್ಲಿ ನಿಂತರು. ಬಂದರಿನ ಕೂಲಿಗಳು, ಮೀನು ಮಾರುವವರು, ಕಾರ್ಖಾನೆಯವರು ಎಲ್ಲ ಬಂದು ಗೋಡೆಗೆ ಬೆನ್ನು ಆನಿಸಿ ನಿಂತರು. ಗುಮಾಸ್ತರೂ ಬಂದಿದ್ದರು, ಅಂದರೆ ಗುರುಗಳೂ ಆ ಗುಂಪಿನಲ್ಲಿದ್ದರು.

ಪಾಸ್ಕಲ್ ಕೈಕುಲುಕಿ ನಕ್ಕ. "ಏನು ಲೋಕಯ್ಯ, ಈ ಸಲವೂ ಕೆಂಪಿಗೆ ಪತ್ರ ಬರೆದು ಕರೆಸಿಕೊಂಡಿದ್ದೀಯಾ?"

ಸುತ್ತ ನಿಂತವರು ನಕ್ಕರು. ಲೋಕಯ್ಯನೂ ನಕ್ಕ, ಆದರೆ ಆ ನಗೆ ಬಾಯಿಗಿಂತ ಒಳಗೆ ಇಳಿಯಲಿಲ್ಲ.

ಹಳದಿ ಚೆಂಡು ಲೋಕಯ್ಯನದು, ಬಿಳಿ ಪಾಸ್ಕಲನದು. ಮೊದಲ ಸರದಿ ಪಾಸ್ಕಲನಿಗೆ ಬಂತು. ಅವನು ನಿರಾಳವಾಗಿ ಆಡಿದ. ಲೋಕಯ್ಯನ ಎಂಟು ತಿಂಗಳ ಅಭ್ಯಾಸ ಭಯದ ಮುಂದೆ ನಿಲ್ಲಲಿಲ್ಲ. ಇದು ಕೊನೆಯ ಅವಕಾಶ ಎಂಬ ಯೋಚನೆ ಬಂದಾಗಲೆಲ್ಲ ಅವನ ಕಣ್ಣು ತನ್ನ ಹಳದಿಯನ್ನೇ ಹಿಡಿದುಕೊಳ್ಳುತ್ತಿತ್ತು. ಎರಡು ಸಲ ಕೆಂಪು ಬಂದು ಢಿಕ್ಕಿ ಹೊಡೆಯಿತು. ಎರಡನೆಯ ಸಲ ಗುಂಪಿನಲ್ಲಿ ಯಾರೋ "ಅಯ್ಯೋ, ಮತ್ತೆ ಬಂತಲ್ಲ ಮಾರಾಯ" ಎಂದರು. ಆಟದ ನಡುವಿನ ಬಿಡುವಿಗೆ ಪಾಸ್ಕಲನದು ಇಪ್ಪತ್ತೆರಡು, ಲೋಕಯ್ಯನದು ಹನ್ನೊಂದು.

ಬಿಡುವಿನಲ್ಲಿ ಗುಲಾಬಿ ಚೆಂಡುಗಳನ್ನು ಒರೆಸಲು ಮೇಜಿನ ಹತ್ತಿರ ಬಂದರು. ಲೋಕಯ್ಯ ತಲೆ ತಗ್ಗಿಸಿ ಕೂತಿದ್ದ. ಗುಲಾಬಿ ಅವನ ಕಡೆ ತಿರುಗಲಿಲ್ಲ, ಚೆಂಡನ್ನೇ ಒರೆಸುತ್ತ ಹೇಳಿದರು:

"ನಿನ್ನ ಹಳದಿಗೆ ದಾರಿ ಗೊತ್ತುಂಟು ಲೋಕಯ್ಯ. ಇಪ್ಪತ್ತು ವರ್ಷ ಹೇಳಿಕೊಟ್ಟಿದ್ದೀ. ಅದಕ್ಕೆ ಇನ್ನೂ ಕಾವಲು ಬೇಕಾ?"

ಲೋಕಯ್ಯ ತಲೆ ಎತ್ತಿದ.

ಬಿಡುವಿನ ನಂತರದ ತನ್ನ ಮೊದಲ ಸರದಿಯಲ್ಲಿ ಅವನು ಕೋಲಿನ ತುದಿಗೆ ಚಾಕ್ ಹಚ್ಚಿ ಮೇಜನ್ನು ನೋಡಿದ. ಹಳದಿಯ ದಾರಿಯನ್ನು ಒಮ್ಮೆ ಮಾತ್ರ ಎಣಿಸಿದ. ಕೆಂಪಿನ ದಾರಿಯನ್ನು ಎರಡು ಸಲ ನೋಡಿದ. ಹೊಡೆದ. ಹಳದಿ ತನ್ನ ಪಾಡಿಗೆ ಮೂರು ಅಂಚು ತಿರುಗಿ ಬಿಳಿಯನ್ನು ಮುಟ್ಟಿತು. ಕೆಂಪು ಸದ್ದಿಲ್ಲದೆ ಮೂಲೆಯ ಹತ್ತಿರ ನಿಂತಿತು. ಅಲ್ಲಿಂದ ಮುಂದಿನ ಅಂಕ ಸಲೀಸಾಗಿ ಬಂತು. ಅದರ ಮುಂದಿನದೂ ಬಂತು. ಗುಲಾಬಿ ಹಲಗೆ ತಿರುಗಿಸಿದರು, ಮತ್ತೆ ತಿರುಗಿಸಿದರು. ಒಂದೇ ಸರದಿಯಲ್ಲಿ ಒಂಬತ್ತು ಅಂಕ. ಗೋಡೆಗೆ ಬೆನ್ನು ಆನಿಸಿ ನಿಂತವರು ಗೋಡೆ ಬಿಟ್ಟು ಮುಂದೆ ಬಂದರು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದ ಪಾಸ್ಕಲ್ ನೆಟ್ಟಗೆ ಕೂತ.

ಪಾಸ್ಕಲ್ ಸುಮ್ಮನೆ ಬಿಟ್ಟುಕೊಡುವವನಲ್ಲ. ಅವನು ಐದು ಅಂಕ ಮಾಡಿದ. ಲೋಕಯ್ಯ ಆರು ಮಾಡಿದ. ಪಾಸ್ಕಲ್ ತನಗೆ ಅಂಕ ಬರದ ಹೊಡೆತದಲ್ಲೂ ಲೋಕಯ್ಯನಿಗೆ ಕಷ್ಟವಾಗುವಂತೆ ಚೆಂಡುಗಳನ್ನು ಚದುರಿಸಿ ಬಿಟ್ಟ. ಲೋಕಯ್ಯ ಆ ಕಷ್ಟದ ಜಾಗಗಳಿಂದಲೂ ದಾರಿ ಹುಡುಕಿದ. ಹೀಗೆ ಏರುತ್ತಾ ಏರುತ್ತಾ ಪಾಸ್ಕಲ್ ಮೂವತ್ತೊಂಬತ್ತಕ್ಕೆ ಬಂದ, ಲೋಕಯ್ಯ ಮೂವತ್ತೆಂಟಕ್ಕೆ.

ಪಾಸ್ಕಲನಿಗೆ ಒಂದೇ ಅಂಕ ಬೇಕಿತ್ತು. ಅವನು 'ಗೆದ್ದೆ' ಎನ್ನುವಂಥ ಹೊಡೆತವನ್ನೇ ಹೊಡೆದ. ಬಿಳಿ ಮೂರು ಅಂಚು ತಿರುಗಿ ಹಳದಿಯ ಪಕ್ಕದಲ್ಲಿ ಹಾದುಹೋಯಿತು. ಎರಡರ ನಡುವೆ ಒಂದು ಕಾಗದ ತೂರುವಷ್ಟು ಜಾಗವಿತ್ತು. ಸರದಿ ಲೋಕಯ್ಯನಿಗೆ ಬಂತು. ಲೋಕಯ್ಯ ಈಗ ಎರಡು ಅಂಕ ಮಾಡಿದರೆ ಆಟ ಅಲ್ಲಿಗೇ ಮುಗಿಯುತ್ತದೆ, ಪಟ್ಟ ಅವನದು. ತಪ್ಪಿದರೆ ಪಾಸ್ಕಲ್ ಎರಡನೆಯ ಸಲ ತಪ್ಪುವವನಲ್ಲ.

ಮೊದಲ ಅಂಕಕ್ಕೆ ಲೋಕಯ್ಯ ಕೆಂಪನ್ನು ತೆಳ್ಳಗೆ ಸವರಿದ. ಕೆಂಪು ಎರಡು ಗೇಣು ಹೊರಳಿ ನಿಂತಿತು. ಹಳದಿ ಉದ್ದಕ್ಕೆ ಸುತ್ತಿ ಬಂದು ಬಿಳಿಯನ್ನು ಮುಟ್ಟಿತು. ಮೂವತ್ತೊಂಬತ್ತು, ಮೂವತ್ತೊಂಬತ್ತು.

ಈಗ ಉಳಿದದ್ದು ಒಂದು.

ಮೇಜಿನ ಮೇಲೆ ಚೆಂಡುಗಳು ನಿಂತ ರೀತಿ ನೋಡಿ ಗುಂಪಿನವರು ಕುತ್ತಿಗೆ ಚಾಚಿದರು. ಕೆಂಪು ಉದ್ದ ಅಂಚಿನ ನಡುಭಾಗದ ಹತ್ತಿರ, ಬಿಳಿ ದೂರದ ಮೂಲೆಯಲ್ಲಿ. ಹಿಂದಿನ ಎರಡು ವರ್ಷ ಅವನು ಸೋತ ಹೊಡೆತವೂ ಹೆಚ್ಚುಕಡಿಮೆ ಇದೇ. ಚುಕ್ಕೆಗಳ ಲೆಕ್ಕ ಸುಲಭವಾಗಿತ್ತು. ಕೆಂಪನ್ನು ಅರ್ಧಕ್ಕೆ ತಾಗಿ, ಮೂರು ಅಂಚು ತಿರುಗಿ, ಮೂಲೆಗೆ ಹೋಗುವುದು. ಎಂಥ ಹೊಸಬನೂ ಅದನ್ನು ಎಣಿಸಬಲ್ಲ. ಆದರೆ ಲೋಕಯ್ಯ ಈಗ ಎರಡನೆಯ ಗೆರೆಯನ್ನೂ ಕಂಡ. ಅರ್ಧಕ್ಕೆ ತಾಗಿದ ಕೆಂಪು ಮೇಜಿನ ಗಿಡ್ಡ ಅಂಚಿಗೆ ಬಡಿದು ಹಿಂದೆ ಬರುತ್ತದೆ. ಹಳದಿ ಮೇಜಿನ ನಡುವೆ ದಾಟುವ ಹೊತ್ತಿಗೆ ಸರಿಯಾಗಿ ಅದೂ ಅಲ್ಲಿಗೆ ತಲುಪುತ್ತದೆ. ನಿಯಮದಂತೆ ಹೊಡೆಯಲು ಅವನಿಗಿದ್ದದ್ದು ನಲವತ್ತು ಸೆಕೆಂಡು.

ಎರಡು ದಾರಿಗಳಿದ್ದವು. ಕೆಂಪಿಗಿಂತ ಮೊದಲು ತಾನು ದಾಟಬೇಕು, ಇಲ್ಲವೇ ಕೆಂಪನ್ನು ಮೊದಲು ದಾಟಲು ಬಿಡಬೇಕು. ತಾನು ಮೊದಲು ದಾಟಬೇಕಾದರೆ ತೆಳ್ಳಗೆ, ಜೋರಾಗಿ ಹೊಡೆಯಬೇಕು. ಆಗ ಹಳದಿ ಮೂಲೆಯನ್ನು ಮೀರಿ ಅಗಲಕ್ಕೆ ಹೋಗುತ್ತದೆ. ಹಾಗಾಗಿ ಉಳಿದದ್ದು ಒಂದೇ. ಕೆಂಪನ್ನು ತುಂಬಿಕೊಂಡು ತಾಗಬೇಕು. ಕೆಂಪು ಜೋರಾಗಿ ಹೋಗಿ, ಬೇಗ ಹಿಂದಿರುಗಿ, ದಾಟಿಬಿಡುತ್ತದೆ. ತನ್ನ ಚೆಂಡು ನಿಧಾನವಾಗಿ, ಬರೀ ತನ್ನ ಸುತ್ತ ತಾನೇ ತಿರುಗುವ ಬಲದಲ್ಲಿ ಉಳಿದ ದಾರಿ ಸವೆಸಬೇಕು. ಹಾಗೆ ನಿಧಾನವಾಗುವ ಚೆಂಡಿಗೆ ಚುಕ್ಕೆಗಳ ಲೆಕ್ಕ ಹೊಂದುವುದಿಲ್ಲ. ಅವನ ಮೂರು ನೋಟ್‌ಬುಕ್ಕುಗಳಲ್ಲಿ ಈ ಹೊಡೆತ ಇರಲಿಲ್ಲ. ಅವನ ಕೈಯಲ್ಲಿ ಮಾತ್ರ ಇತ್ತು.

ಲೋಕಯ್ಯ ಬಗ್ಗಿದ. ಕೋಲಿನ ತುದಿಯನ್ನು ಹಳದಿಯ ಬಲಬದಿಗೆ, ಸ್ವಲ್ಪ ಮೇಲಕ್ಕೆ ಹಿಡಿದ. ಹೊಡೆದ.

ಹೊಡೆದ ಮೇಲೆ ಅವನು ಹಳದಿಯನ್ನು ನೋಡಲಿಲ್ಲ.

ಕೆಂಪು ಹಾರಿದಂತೆ ಹೋಗಿ ಗಿಡ್ಡ ಅಂಚಿಗೆ ಬಡಿದು ಹಿಂದಿರುಗಿತು. ಅವನ ಕಣ್ಣು ಅದರ ಮೇಲೆಯೇ ಇತ್ತು. ಕೆಂಪು ಮೇಜಿನ ನಡುವನ್ನು ದಾಟಿತು. ಅದು ದಾಟಿದ ಹಿಂದೆಯೇ, ಎರಡು ಬೆರಳಿನ ಅಂತರದಲ್ಲಿ, ಏನೋ ಹಳದಿ ಬಣ್ಣದ್ದು ಅಡ್ಡ ಹಾದುಹೋದಂತೆ ಅವನಿಗೆ ಕಂಡಿತು. ಅವನು ಆಗಲೂ ತಿರುಗಲಿಲ್ಲ. ಕೆಂಪು ಉರುಳುತ್ತ ಉರುಳುತ್ತ ಆಚೆ ಅಂಚಿನ ಹತ್ತಿರ ನಿಂತಿತು. ತಾನು ಎಣಿಸಿದ್ದ ಜಾಗದಲ್ಲೇ ನಿಂತಿತು. ಆಗ ದೂರದ ಮೂಲೆಯಿಂದ 'ಟಕ್' ಎಂಬ ಸಣ್ಣ ಸದ್ದು ಬಂತು.

ತೀರ್ಪುಗಾರರು ಮೂಲೆಯತ್ತ ಬಗ್ಗಿ ನೋಡಿದರು.

"ನಲವತ್ತು" ಎಂದರು ತೀರ್ಪುಗಾರರು.

ಆಮೇಲೆ ಆ ಆಟದ ಮನೆಯಲ್ಲಿ ಎದ್ದ ಕೂಗು ಬಂದರಿನಲ್ಲಿ ದೋಣಿ ಕಟ್ಟುವ ಧಕ್ಕೆಯವರೆಗೆ ಕೇಳಿತಂತೆ. ಮೀನು ಮಾರುವವರು ಬುಟ್ಟಿ ಬಡಿದರು. ಕಾರ್ಖಾನೆಯವರು ಲೋಕಯ್ಯನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು, ಕೋಲು ಇನ್ನೂ ಅವನ ಕೈಯಲ್ಲೇ ಇತ್ತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಗುಲಾಬಿ ಹಲಗೆ ತಿರುಗಿಸಲು ಮರೆತು ನಿಂತಿದ್ದರು. ಆಮೇಲೆ ನೆನಪಾಗಿ ತಿರುಗಿಸಿದರು. ತಿರುಗಿಸಿ, ಆ ನಲವತ್ತನ್ನು ಸೆರಗಿನಿಂದ ಒಮ್ಮೆ ಒರೆಸಿದರು.

ಪಾಸ್ಕಲ್ ಗುಂಪನ್ನು ಸರಿಸಿಕೊಂಡು ಬಂದು ಲೋಕಯ್ಯನನ್ನು ತಬ್ಬಿಕೊಂಡ. ಅವನು ಸೋತ ಬೇಸರಕ್ಕಿಂತ ಹೆಚ್ಚು ಬೆರಗಿನಲ್ಲಿದ್ದ.

"ನಿನ್ನ ಚೆಂಡು ನನ್ನದನ್ನು ಮುಟ್ಟಿದ್ದನ್ನು ನೀನು ನೋಡಿದೆಯಾ?"

"ಇಲ್ಲ."

"ಪಟ್ಟ ಗೆದ್ದ ಹೊಡೆತ ಮಾರಾಯ! ಅದನ್ನು ಬಿಟ್ಟು ಇನ್ನೇನು ನೋಡ್ತಿದ್ದೆ?"

"ಕೆಂಪು ಕ್ಷೇಮವಾಗಿ ದಾಟಿತಾ ಅಂತ ನೋಡ್ತಿದ್ದೆ" ಎಂದ ಲೋಕಯ್ಯ.

ಮುಂದಿನ ತಿಂಗಳು ಅವನು ಲೋಕದ ದೊಡ್ಡ ಆಟಗಾರರ ಜೊತೆ ಆಡಲು ಹೊರಟ. ಹಡಗು ಹತ್ತುವ ದಿನ ಧಕ್ಕೆಯ ತುಂಬ ಜನ ನೆರೆದಿದ್ದರು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರನ ಮುಖ ಅರಳಿತ್ತು. ಆ ಕೊನೆಯ ಹೊಡೆತವನ್ನು ಅವನು ತಾನೇ ಹೊಡೆದಂತೆ ಕೈ ಬಿಗಿ ಹಿಡಿದುಕೊಂಡಿದ್ದ.

"ಹಾಗಾದರೆ ಗುರುಗಳೇ, ಅವನು ತನ್ನ ಚೆಂಡನ್ನು ಮರೆತದ್ದರಿಂದ ಗೆದ್ದನೇ?"

"ಮರೆಯಲಿಲ್ಲ. ಅದರ ಲೆಕ್ಕ ಅವನಿಗೆ ಮೊದಲೇ ಬರುತ್ತಿತ್ತು. ಲೆಕ್ಕ ನಿನಗೂ ಬರುತ್ತದೆ."

ಚೆನ್ನವೀರನಿಗೆ ಈ ಮಾತು ಹೊಗಳಿಕೆಯಂತೆ ಕೇಳಿಸಿತು. ಅವನು ಕೈಮುಗಿದು ಏಳಲು ಹೊರಟ. ಆಗ ಗುರುಗಳು ಇನ್ನೂ ಒಂದು ಮಾತು ಕೇಳಿದರು. ಅದನ್ನು ಕೇಳಿ ಅವನು ಎದ್ದಲ್ಲೇ ಮತ್ತೆ ಕೂತ. ಹೆಸರು ಎಣಿಸಲು ಕೈ ಎತ್ತಿದ, ಮೊದಲ ಬೆರಳೇ ಮಡಚಲಿಲ್ಲ. ಗುರುಗಳು ಕೇಳಿದ್ದು ಇಷ್ಟೇ:

"ನೀನು ಇದುವರೆಗೆ ನಿನ್ನ ಕೆಲಸಕ್ಕಾಗಿ ತಾಗಿ, ಸರಿಸಿ ಮುಂದೆ ಹೋದ ಜನರಲ್ಲಿ ಒಬ್ಬರ ಹೆಸರು ಹೇಳು. ಅವರು ಆಮೇಲೆ ಎಲ್ಲಿಗೆ ಹೋದರು?"